ಎರೆಮಣ್ಣಿನಲ್ಲಿ ಮುಂದಿನ ಜಾಯಿಂಟ್: ಬೀದರ್, ಭಾಲ್ಕಿ, ಔರಾದ್ ಸೀಮೆಯ ಫೋರ್‌ವೀಲ್ ಜೀಪುಗಳ ಕುರಿತು ಒಂದು ಟಿಪ್ಪಣಿ

ಫೋರ್‌ವೀಲ್ ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಆ್ಯಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎರಡು ತುದಿಯಲ್ಲೂ ಕ್ರಾಸ್ ಜಾಯಿಂಟಿನ ಮೇಲೆ ನಿಂತಿರುತ್ತದೆ. ಗಾಡಿಯನ್ನು ಹೊಲಕ್ಕೆ, ಹಳ್ಳಕ್ಕೆ ಇಳಿಸುವವರು ಮೊದಲು ಗಟ್ಟಿ ಮಾಡಿಸಬೇಕೆನ್ನುವುದು ಈ ಜೋಡಣೆಯನ್ನೇ. ಗಟ್ಟಿ ಮಾಡಿಸುವುದೆಂದರೆ ಸಾಮಾನ್ಯವಾಗಿ ದಪ್ಪ ಕ್ರಾಸ್ ಹಾಕಿಸುವುದು, ಇಲ್ಲವೇ ಎರಡು ಕ್ರಾಸ್ ಕೂಡಿಸಿದ ಡಬಲ್ ಜಾಯಿಂಟ್ ತರಿಸಿ ಕೂಡಿಸುವುದು ಎಂದು ತಿಳಿಯಲಾಗುತ್ತದೆ. ಬೀದರ್ ನಗರ, ಭಾಲ್ಕಿ, ಔರಾದ್ ಈ ಮೂರು ಕಡೆಯ ನೆಲದಲ್ಲಿ ಆ ತಿಳಿವಳಿಕೆ ಎಷ್ಟು ಸರಿ ಎಂಬುದು ನನ್ನ ಪ್ರಶ್ನೆ. ಈ ಸೀಮೆಯಲ್ಲಿ ಮುಂದಿನ ಜಾಯಿಂಟನ್ನು ಕೊಲ್ಲುವುದು ಮೊದಲು ಮಣ್ಣು ಮತ್ತು ಒಣಗಿದ ಗ್ರೀಸು, ಆಮೇಲೆ ಶಾಫ್ಟಿನ ಕೋನ, ಕಟ್ಟಕಡೆಗೆ ಎಂಜಿನ್ನಿನ ಎಳೆತ. ಸುಧಾರಣೆಗೆ ಖರ್ಚು ಮಾಡುವ ಹಣವೂ ಇದೇ ಅನುಕ್ರಮದಲ್ಲಿ ಹೋಗಬೇಕೆಂದು ನಾನು ವಾದಿಸುತ್ತೇನೆ.

ಮೊದಲು ನೆಲದ ಮಾತು. ಬೀದರ್ ನಗರ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ಕೋಟೆಯ ಮೂರು ಪದರದ ಕಂದಕವನ್ನು ಕಡಿದದ್ದು ಈ ಕೆಂಪು ಕಲ್ಲಿನಲ್ಲೇ. ನೌಬಾದಿನ ಸುರಂಗ ಬಾವಿ ಹರಿದದ್ದೂ ಇದರ ಹೊಟ್ಟೆಯೊಳಗೇ. ಒಣಗಿದ ಜಂಬಿಟ್ಟಿಗೆ, ಅದರ ಪುಡಿಯಾದ ಮುರುಮ್ ಹಾಸಿದ ದಾರಿ, ಟೈರಿಗೆ ಒಳ್ಳೆಯ ಹಿಡಿತ ಕೊಡುತ್ತವೆ. ನಗರದಿಂದ ಉತ್ತರಕ್ಕೆ ಜನವಾಡದ ಕಡೆ ಇಳಿದು, ಮಾಂಜ್ರಾ ಹೊಳೆ ದಾಟಿ ಸಂತಪುರ, ಔರಾದ್ ಕಡೆ ನಡೆದರೆ ಕೆಂಪು ಮರೆಯಾಗಿ ಕಪ್ಪು ಶುರುವಾಗುತ್ತದೆ. ಇದು ದಖ್ಖನ್ನಿನ ಕರಿಕಲ್ಲು ಕರಗಿ ಆದ ಎರೆಭೂಮಿ. ಭಾಲ್ಕಿ ತಾಲೂಕಿನ ಬಹುಭಾಗವೂ ಹಾಗೆಯೇ. ಬ್ಯಾಲಹಳ್ಳಿಯ ಹತ್ತಿರದ ಕಾರಂಜಾ ಜಲಾಶಯದ ಸುತ್ತ ಕಬ್ಬಿನ ಹೊಲಗಳಿಗೆ ಹೋಗುವ ದಾರಿಗಳು ಮಳೆಗಾಲದಲ್ಲಿ ಹೇಗಿರುತ್ತವೆಂದು ಅಲ್ಲಿ ಗಾಡಿ ಓಡಿಸಿದವರಿಗೆ ಹೇಳಬೇಕಿಲ್ಲ. ಒಂದೇ ಗಾಡಿ ಒಂದೇ ದಿನದಲ್ಲಿ ಈ ಎರಡೂ ನೆಲ ತುಳಿಯುತ್ತದೆ. ನಗರದಿಂದ ಔರಾದ್, ಭಾಲ್ಕಿ ಎರಡೂ 40 ಕಿ.ಮೀ. ಆಸುಪಾಸು.

ಎರೆಮಣ್ಣಿನ ಗುಣ ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯಿಂದ ಬಂದದ್ದು. ಈ ಜೇಡಿ ನೀರು ಕುಡಿದರೆ ಪದರ ಪದರವಾಗಿ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹಸಿಯಿದ್ದಾಗ ಲೋಹಕ್ಕೆ ಅಂಟುತ್ತದೆ, ಅಂಟಿದ್ದು ಒಣಗಿದರೆ ಉಳಿ ಹಿಡಿದು ಕೆತ್ತಬೇಕು. ಜೀಪಿನ ಅಡಿಯಲ್ಲಿ ತಿರುಗುವ ಶಾಫ್ಟಿಗೆ ಇದು ಎರಡು ಬಗೆಯ ಕೇಡು ಮಾಡುತ್ತದೆ. ಹಸಿಯಾಗಿದ್ದಾಗ ಕ್ರಾಸಿನ ಕಾಲುಗಳ ತುದಿಗೆ ಕೂತ ಬೇರಿಂಗ್ ಕಪ್ಪುಗಳ ಸೀಲಿನ ಅಂಚಿಗೆ ತಾಗಿ ಕೂತು, ಜಾಯಿಂಟ್ ಅಲುಗಿದಂತೆಲ್ಲ ಒಳಗೆ ನುಸುಳುತ್ತದೆ. ಒಣಗಿದ ಮೇಲೆ ಶಾಫ್ಟಿನ ಕೊಳವೆಯ ಒಂದೇ ಮಗ್ಗುಲಿಗೆ ಗಡ್ಡೆಯಾಗಿ ಉಳಿದು, ತಿರುಗುವಾಗ ಸಮತೋಲ ಕೆಡಿಸುತ್ತದೆ.

ಈ ಎರಡನೆಯ ಕೇಡನ್ನು ಲೆಕ್ಕ ಹಾಕಿ ನೋಡಬಹುದು. ಟೈರಿನ ತ್ರಿಜ್ಯ 36 ಸೆಂ.ಮೀ., ಡಿಫರೆನ್ಷಿಯಲ್ ಅನುಪಾತ 4.3 ಎಂದು ಹಿಡಿದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಪ್ರೊಪೆಲ್ಲರ್ ಶಾಫ್ಟ್ ನಿಮಿಷಕ್ಕೆ ಸುಮಾರು 1900 ಸುತ್ತು ಹಾಕುತ್ತದೆ. ಆಗ ಶಾಫ್ಟಿನ ಮಧ್ಯರೇಖೆಯಿಂದ 4 ಸೆಂ.ಮೀ. ದೂರದಲ್ಲಿ 200 ಗ್ರಾಂ ಮಣ್ಣು ಅಂಟಿದ್ದರೆ ಅದು ಹುಟ್ಟಿಸುವ ಎಳೆತ ಸುಮಾರು 32 ಕಿಲೋ ತೂಕಕ್ಕೆ ಸಮ. ಈ ಎಳೆತ ಪ್ರತಿ ಸುತ್ತಿನಲ್ಲೂ ದಿಕ್ಕು ಬದಲಿಸುತ್ತ ಕ್ರಾಸಿನ ಸೂಜಿ ಬೇರಿಂಗುಗಳನ್ನೂ ಟ್ರಾನ್ಸ್‌ಫರ್ ಕೇಸಿನ ಬೇರಿಂಗನ್ನೂ ಹೊಡೆಯುತ್ತದೆ. 200 ಗ್ರಾಂ ಎಂದರೆ ಒಂದು ಹಿಡಿ ಎರೆಮಣ್ಣು, ಅಷ್ಟೇ. ಔರಾದಿನ ಹೊಲದಿಂದ ಹತ್ತಿ ಡಾಂಬರ್ ರಸ್ತೆಗೆ ಬಂದೊಡನೆ ‘ಗಾಡಿ ನಡುಗುತ್ತಿದೆ, ಜಾಯಿಂಟ್ ಹೋಗಿದೆ’ ಎನ್ನುವ ದೂರುಗಳಲ್ಲಿ ಕೆಲವನ್ನಾದರೂ ಒಂದು ಬಕೆಟ್ ನೀರು ಪರಿಹರಿಸುತ್ತದೆ. ಪ್ರೆಷರ್ ವಾಷಿನ ಮೂತಿಯನ್ನು ಮಾತ್ರ ನೇರ ಕಪ್ಪಿನ ಸೀಲಿಗೆ ಹಿಡಿಯಬಾರದು, ಹೊರಗಿನ ಮಣ್ಣನ್ನು ಅದೇ ಒಳಗೆ ತಳ್ಳುತ್ತದೆ.

ಈ ಜೋಡಣೆಯ ವಂಶಾವಳಿ ಚಿಕ್ಕದಾಗಿ ಹೇಳಬೇಕು, ಯಾಕೆಂದರೆ ಇವತ್ತಿನ ಆಯ್ಕೆಗಳೆಲ್ಲ ಅಲ್ಲಿಂದಲೇ ಬಂದವು. ಕ್ರಾಸ್ ಜಾಯಿಂಟಿಗೆ 16ನೇ ಶತಮಾನದ ಇಟಲಿಯ ಕಾರ್ಡಾನೋನ ಹೆಸರು ಅಂಟಿದೆ. ಅದರ ಚಲನೆಯನ್ನು 17ನೇ ಶತಮಾನದಲ್ಲಿ ವಿವರಿಸಿದವನು ಇಂಗ್ಲೆಂಡಿನ ರಾಬರ್ಟ್ ಹುಕ್. ಮೋಟಾರು ಗಾಡಿಗೆ ಒಪ್ಪುವಂತೆ ಅದನ್ನು ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪು ಇದೇ ಕ್ರಾಸಿನ ಶಾಫ್ಟಿನಲ್ಲಿ ಓಡಿತು. ಮಹೀಂದ್ರಾ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿ, ಮುಂದೆ ಸಿಜೆ 3ಬಿ ಮಾದರಿಯನ್ನು ಇಲ್ಲೇ ತಯಾರಿಸಿತು. ನಮ್ಮ ಕಡೆ ಓಡಿದ ಎಂಎಂ 540, ಎಂಎಂ 550 ಜೀಪುಗಳು ಆ ಸಂತತಿಯವು. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಹೌಸಿಂಗ್, ಪಟ್ಟಿ ಸ್ಪ್ರಿಂಗ್, ತೆರೆದ ಶಾಫ್ಟ್, ಗ್ರೀಸ್ ಹೊಡೆಯುವ ಕ್ರಾಸ್. ಮಾರುತಿಯ ಜಿಪ್ಸಿ 1985ರಲ್ಲಿ ಬಂದದ್ದು ಸುಜುಕಿಯ ಕುಲದಿಂದ. ಅದರಲ್ಲಿ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿನಿಂದ ಬೇರೆಯಾಗಿ ಕೂತಿರುವುದರಿಂದ ನಡುವೆ ಮೂರನೆಯದೊಂದು ಗಿಡ್ಡ ಶಾಫ್ಟೂ ಇದೆ, ನೋಡಿಕೊಳ್ಳಬೇಕಾದ ಕ್ರಾಸುಗಳೂ ಹೆಚ್ಚು.

2010ರಲ್ಲಿ ಬಂದ ಥಾರ್ ಸಿಆರ್‌ಡಿಇ ಮತ್ತು 2020ರಲ್ಲಿ ಬಂದ ಹೊಸ ಥಾರ್ ಬೇರೆ ಜಾತಿಯವು. ಇವುಗಳ ಮುಂದಿನ ಸಸ್ಪೆನ್ಷನ್ ಇಂಡಿಪೆಂಡೆಂಟ್. ಅಂದರೆ ಮುಂದಿನ ಡಿಫರೆನ್ಷಿಯಲ್ ಚಾಸಿಗೆ ಕಟ್ಟಿಕೊಂಡು ಕೂತಿದೆ, ಚಕ್ರಗಳು ಮಾತ್ರ ಮೇಲೆ ಕೆಳಗೆ ಆಡುತ್ತವೆ. ಸುಧಾರಣೆಯ ಮಾತು ಬಂದಾಗ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೇ, ಹೆಚ್ಚಿನವರು ಕೇಳದೇ ಬಿಡುವುದೂ ಇದನ್ನೇ. ಎಂಎಂ 540 ಅಥವಾ ಜಿಪ್ಸಿಯನ್ನು ಎತ್ತರಿಸಿದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚುತ್ತದೆ. ಥಾರನ್ನು ಎತ್ತರಿಸಿದರೆ ಆ ಶಾಫ್ಟಿನ ಕೋನ ಇದ್ದಲ್ಲೇ ಇರುತ್ತದೆ. ಕೋನ ಹೆಚ್ಚುವುದು ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ಎಡ ಬಲದ ಆ್ಯಕ್ಸಲ್ ಶಾಫ್ಟುಗಳ ಸಿವಿ ಜಾಯಿಂಟಿನಲ್ಲಿ. ಥಾರ್ ಎತ್ತರಿಸಿ, ಪ್ರೊಪೆಲ್ಲರ್ ಶಾಫ್ಟಿಗೆ ಡಬಲ್ ಜಾಯಿಂಟ್ ಹಾಕಿಸುವುದು ಕಾಲಿಗೆ ಪೆಟ್ಟಾದಾಗ ಕೈಗೆ ಪಟ್ಟಿ ಕಟ್ಟಿದಂತೆ. ಮುಂದಿನ ಚರ್ಚೆಯೆಲ್ಲ ಮುಖ್ಯವಾಗಿ ಹಳೆಯ ಗಟ್ಟಿ ಹೌಸಿಂಗ್ ಜೀಪುಗಳದ್ದು.

ಕೋನ ಯಾಕೆ ಮುಖ್ಯ? ಒಂಟಿ ಕ್ರಾಸ್ ಜಾಯಿಂಟ್ ಬಾಗಿದ ಸ್ಥಿತಿಯಲ್ಲಿ ತಿರುಗಿದಾಗ ಒಳಬರುವ ಶಾಫ್ಟ್ ಒಂದೇ ವೇಗದಲ್ಲಿ ತಿರುಗಿದರೂ ಹೊರಹೋಗುವ ಶಾಫ್ಟ್ ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗ ಪಡೆದು ಎರಡು ಸಲ ನಿಧಾನವಾಗುತ್ತದೆ. ಏರಿಳಿತದ ಪ್ರಮಾಣ ಬಾಗಿದ ಕೋನದ ಕೊಸೈನ್ ಮೇಲೆ ನಿಂತಿದೆ. 10 ಡಿಗ್ರಿಗೆ ವೇಗ ಶೇ. 1.5ರಷ್ಟು ಮೇಲೆ ಕೆಳಗೆ ಆಗುತ್ತದೆ. 20 ಡಿಗ್ರಿಗೆ ಅದು ಶೇ. 6 ಮುಟ್ಟುತ್ತದೆ. 30 ಡಿಗ್ರಿಯಲ್ಲಿ ಕೆಳಗೆ ಶೇ. 13, ಮೇಲೆ ಶೇ. 15. ಕೋನ ಇಮ್ಮಡಿಯಾದರೆ ಏರಿಳಿತ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಗಮನಿಸಬೇಕು. ಶಾಫ್ಟಿನ ಇನ್ನೊಂದು ತುದಿಯ ಕ್ರಾಸ್ ಅಷ್ಟೇ ಕೋನದಲ್ಲಿದ್ದು, ಕ್ರಾಸನ್ನು ಹಿಡಿಯುವ ಎರಡೂ ಯೋಕುಗಳು ಒಂದೇ ಸಮತಲದಲ್ಲಿದ್ದರೆ ಈ ಏರಿಳಿತ ಡಿಫರೆನ್ಷಿಯಲ್ಲಿನ ಪಿನಿಯನ್ ತಲುಪುವಷ್ಟರಲ್ಲಿ ರದ್ದಾಗುತ್ತದೆ. ಆದರೆ ನಡುವಿನ ಕೊಳವೆ ಮಾತ್ರ ಏರಿಳಿತದಲ್ಲೇ ತಿರುಗುತ್ತದೆ, ಅದರ ಹೊಡೆತ ಸೂಜಿ ಬೇರಿಂಗಿಗೆ ತಪ್ಪುವುದಿಲ್ಲ. ಆದ್ದರಿಂದ ಸ್ಪೈಸರ್‌ನವರು ವೇಗಕ್ಕೆ ತಕ್ಕಂತೆ ಕೋನದ ಮಿತಿ ಹಾಕಿದ್ದಾರೆ. ನಿಮಿಷಕ್ಕೆ 3000 ಸುತ್ತಿಗೆ 5.8 ಡಿಗ್ರಿ, 2000 ಸುತ್ತಿಗೆ 8.7 ಡಿಗ್ರಿ, 1500 ಸುತ್ತಿಗೆ 11.5 ಡಿಗ್ರಿ.

ಈಗ ಎತ್ತರಿಸಿದ ಜೀಪನ್ನು ಈ ಕೋಷ್ಟಕಕ್ಕೆ ಹೋಲಿಸಿ ನೋಡೋಣ. ಮುಂದಿನ ಶಾಫ್ಟ್ 65 ಸೆಂ.ಮೀ. ಉದ್ದವಿದ್ದು, ಮೊದಲು 6 ಡಿಗ್ರಿ ಬಾಗಿತ್ತೆಂದು ಇಟ್ಟುಕೊಳ್ಳಿ. ದೊಡ್ಡ ಟೈರ್ ಕೂಡಿಸಲು ಪಟ್ಟಿ ಹೆಚ್ಚಿಸಿಯೋ ಶ್ಯಾಕಲ್ ಉದ್ದ ಮಾಡಿಯೋ ಗಾಡಿಯನ್ನು 5 ಸೆಂ.ಮೀ. ಎತ್ತರಿಸಿದರೆ ಕೋನ ಸುಮಾರು 4.4 ಡಿಗ್ರಿ ಹೆಚ್ಚಿ 10.4 ಆಗುತ್ತದೆ. ಹೊಲದಲ್ಲಿ, ಲೋ ಗೇರಿನಲ್ಲಿ, ನಡಿಗೆಯ ವೇಗದಲ್ಲಿ ಇದು ಏನೂ ಅಲ್ಲ. ಔರಾದ್ ರಸ್ತೆಯಲ್ಲಿ 60ರ ವೇಗಕ್ಕೆ ಬಂದಾಗ ಶಾಫ್ಟ್ 1900 ಸುತ್ತಿಗೆ ಹತ್ತಿರವಾಗಿ ಮಿತಿ ಮೀರುತ್ತದೆ. ಅಂದರೆ ಎತ್ತರಿಸಿದ ಜೀಪಿನ ಮುಂದಿನ ಜಾಯಿಂಟ್ ಸವೆಯುವುದು ಕೆಸರಿನ ಸಾಹಸದಲ್ಲಲ್ಲ, ಊರಿಗೆ ಮರಳುವ ಡಾಂಬರ್ ರಸ್ತೆಯಲ್ಲಿ. ಮುಂದಿನ ಚಕ್ರಗಳ ಹಬ್ಬಿನಲ್ಲಿ ಫ್ರೀ ವೀಲ್ ಲಾಕ್ ಇಲ್ಲದ ಜೀಪಿನಲ್ಲಿ ಟೂ ವೀಲ್‌ಗೆ ಹಾಕಿದರೂ ಮುಂದಿನ ಶಾಫ್ಟನ್ನು ಚಕ್ರಗಳೇ ತಿರುಗಿಸುತ್ತಿರುತ್ತವೆ. ಅಂಥ ಗಾಡಿಗೆ ಹಬ್ ಲಾಕ್ ಹಾಕಿಸುವುದೇ ಮುಂದಿನ ಜಾಯಿಂಟಿಗೆ ಮಾಡಬಹುದಾದ ಅತ್ಯಂತ ಲಾಭದ ಸುಧಾರಣೆ ಎಂದು ನನ್ನ ಅಭಿಪ್ರಾಯ, ಜಾಯಿಂಟನ್ನು ಮುಟ್ಟದೇ ಆಗುವ ಸುಧಾರಣೆ.

ಅದಕ್ಕೊಂದು ಷರತ್ತಿದೆ. ಹಬ್ ಬಿಚ್ಚಿಟ್ಟು ತಿಂಗಳುಗಟ್ಟಲೆ ಓಡಿಸಿದರೆ ಶಾಫ್ಟ್ ತಿರುಗದೆ ಒಂದೇ ಸ್ಥಿತಿಯಲ್ಲಿ ನಿಂತು, ರಸ್ತೆಯ ಕಂಪನಕ್ಕೆ ಸೂಜಿಗಳು ಕ್ರಾಸಿನ ಕಾಲಿನ ಮೇಲೆ ಒಂದೇ ಜಾಗದಲ್ಲಿ ತೇಯುತ್ತವೆ. ಅಲ್ಲಿನ ಗ್ರೀಸ್ ಪಕ್ಕಕ್ಕೆ ಸರಿದು ಲೋಹಕ್ಕೆ ಲೋಹ ತಾಗುತ್ತದೆ. ಬೀದರಿನ ಒಂದು ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಇಂಥ ಕ್ರಾಸನ್ನು ಕೈಯಲ್ಲಿ ಹಿಡಿದು ನೋಡಿದೆ. ನಾಲ್ಕು ಕಾಲುಗಳಲ್ಲಿ ಎರಡು ಕನ್ನಡಿಯಂತೆ ನುಣುಪಾಗಿದ್ದವು. ಉಳಿದೆರಡರ ಮೇಲೆ, ಎಳೆತ ಬೀಳುವ ಮಗ್ಗುಲಿನಲ್ಲಿ ಮಾತ್ರ, ಸೂಜಿಯ ಉದ್ದಕ್ಕೂ ಸಾಲಾಗಿ ಗೆರೆಗಳು ಕೊರೆದಿದ್ದವು. ಉಗುರು ಎಳೆದರೆ ಒಂದೊಂದೇ ಗೆರೆ ಕೈಗೆ ತಾಗುತ್ತಿತ್ತು. ಕಪ್ಪಿನೊಳಗೆ ಗ್ರೀಸ್ ಇರಬೇಕಾದ ಕಡೆ ಇಟ್ಟಿಗೆ ಬಣ್ಣದ ಒಣ ಪುಡಿ. ಅದು ಬೀದರಿನ ಕೆಂಪು ಮಣ್ಣೆಂದು ಯಾರಿಗಾದರೂ ಅನಿಸಬಹುದು, ಆದರೆ ಬೆರಳಲ್ಲಿ ತಿಕ್ಕಿದರೆ ಹಿಟ್ಟಿನಷ್ಟು ನಯ, ಮರಳಿನ ಕಣ ಒಂದೂ ಇಲ್ಲ. ಸೂಜಿ ಮತ್ತು ಕಾಲು ಒಂದನ್ನೊಂದು ತೇಯ್ದು ಹುಟ್ಟಿದ ಕಬ್ಬಿಣದ ತುಕ್ಕಿನ ಪುಡಿ ಅದು. ಸೀಲು ನಾಲ್ಕೂ ಚೆನ್ನಾಗಿದ್ದವು. ಆ ಕ್ರಾಸ್ ಮುರಿದಿರಲಿಲ್ಲ, ತಿರುಚಿರಲಿಲ್ಲ, ಗ್ರೀಸ್ ಕಾಣದೆ ಸತ್ತಿತ್ತು. ಇದರ ಜಾಗದಲ್ಲಿ ಎಷ್ಟೇ ದಪ್ಪ ಕ್ರಾಸ್ ಇದ್ದರೂ ಇದೇ ಗತಿ ಆಗುತ್ತಿತ್ತು.

ದಪ್ಪದ ವಿಚಾರಕ್ಕೆ ಬರೋಣ. ಜಗತ್ತಿನ ಫೋರ್‌ವೀಲ್ ಮಂದಿ ಬಳಸುವ ಅಳತೆಗಳು ಸ್ಪೈಸರ್ ಸರಣಿಯವು: 1310, 1330, 1350, 1410. 1310 ಕ್ರಾಸಿನ ಕಪ್ಪಿನ ವ್ಯಾಸ 27 ಮಿ.ಮೀ., ಕಪ್ಪಿನಿಂದ ಕಪ್ಪಿಗೆ ಅಗಲ 81.8 ಮಿ.ಮೀ. 1330ರಲ್ಲಿ ಕಪ್ಪು ಅಷ್ಟೇ, ಅಗಲ ಮಾತ್ರ 92.1. 1350ರಲ್ಲಿ ಅಗಲ 92.1, ಕಪ್ಪು 30.2 ಮಿ.ಮೀ. ಕಪ್ಪಿನ ಅಳತೆಯನ್ನೇ ಆಧಾರವಾಗಿ ಹಿಡಿದು, ಬಲವು ವ್ಯಾಸದ ಘನಕ್ಕೆ ಅನುಗುಣವೆಂದು ಲೆಕ್ಕ ಹಾಕಿದರೆ 1310ರಿಂದ 1350ಕ್ಕೆ ಹೋದಾಗ ಬಲ ಸುಮಾರು 1.4 ಪಟ್ಟು ಆಗುತ್ತದೆ. ನಿಮ್ಮ ಜೀಪಿನಲ್ಲಿ ಯಾವುದಿದೆ ಎಂಬುದನ್ನು ಮಾದರಿಯ ಹೆಸರು ಹೇಳಿ ತಿಳಿಯಲಾಗದು. ಹತ್ತು ಕೈ ಬದಲಾದ ಹಳೆಯ ಗಾಡಿಯಲ್ಲಿ ಹಿಂದಿನ ಮಾಲೀಕರು ಸಿಕ್ಕ ಯೋಕನ್ನು ಕೂಡಿಸಿರುವುದುಂಟು. ಹೈದರಾಬಾದಿಗೆ ಬಿಡಿಭಾಗ ಹೇಳುವ ಮೊದಲು ಎರಡೂ ತುದಿಯಲ್ಲಿ ವರ್ನಿಯರ್ ಇಟ್ಟು ಅಳೆಯಬೇಕು.

ಆದರೆ ಆ 1.4 ಪಟ್ಟು ಬಲ ನಮಗೆ ಬೇಕೇ? 2010ರ ಥಾರ್ ಸಿಆರ್‌ಡಿಇ ಎಂಜಿನ್ನಿನ ಟಾರ್ಕ್ 247 ನ್ಯೂಟನ್ ಮೀಟರ್. ಹಳೆಯ ಜೀಪುಗಳದ್ದು ಇದಕ್ಕಿಂತ ಕಡಿಮೆ, ಆದ್ದರಿಂದ ಇದನ್ನೇ ಮೇಲ್ಮಿತಿಯಾಗಿ ಹಿಡಿಯೋಣ. ಮೊದಲ ಗೇರು 4, ಲೋ ರೇಂಜ್ 2.5 ಎಂದು ದುಂಡಗೆ ಎಣಿಸಿದರೆ ಟ್ರಾನ್ಸ್‌ಫರ್ ಕೇಸಿನಿಂದ ಹೊರಗೆ ಸುಮಾರು 2470 ನ್ಯೂಟನ್ ಮೀಟರ್ ಬರಬಹುದು. ಇದು ಕಾಗದದ ಸಂಖ್ಯೆ. ಚಕ್ರ ನೆಲವನ್ನು ಎಷ್ಟು ಹಿಡಿಯುತ್ತದೋ ಅಷ್ಟೇ ಎಳೆತ ಶಾಫ್ಟಿನಲ್ಲಿ ಉಳಿಯುತ್ತದೆ, ಹೆಚ್ಚಾದದ್ದು ಚಕ್ರ ಜಾರಿ ಹೋಗುತ್ತದೆ. ಮುಂದಿನ ಆ್ಯಕ್ಸಲ್ ಮೇಲೆ 900 ಕಿಲೋ ಭಾರ, ಹಸಿ ಎರೆಮಣ್ಣಿನಲ್ಲಿ ಹಿಡಿತದ ಗುಣಾಂಕ 0.3 ಎಂದು ಹಿಡಿದರೆ ಮುಂದಿನ ಶಾಫ್ಟ್ ಹೊರುವುದು ಸುಮಾರು 220 ನ್ಯೂಟನ್ ಮೀಟರ್ ಮಾತ್ರ. ಒಣ ಮುರುಮ್ ಮೇಲೆ ಗುಣಾಂಕ 0.7 ಆದರೆ ಸುಮಾರು 515. ಎಂಜಿನ್ ಕೊಡಬಲ್ಲದ್ದರ ಹತ್ತನೇ ಒಂದು ಪಾಲು ಕೆಸರಿನಲ್ಲಿ, ಐದನೇ ಒಂದು ಪಾಲು ಮುರುಮಿನಲ್ಲಿ. ಲಾಕ್ ಇಲ್ಲದ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಗಾಳಿಗೆ ಬಂದರೆ ಅದೂ ಇಲ್ಲ.

ಅಮೆರಿಕದ ಪಶ್ಚಿಮದಲ್ಲಿ, ಯೂಟಾದ ಮೋವಾಬ್ ಸುತ್ತಲಿನ ಬೋಳು ಮರಳುಗಲ್ಲಿನ ಮೇಲೆ ಜೀಪು ಹತ್ತಿಸುವವರ ಲೆಕ್ಕ ಬೇರೆ. ಆ ಕಲ್ಲು ಟೈರನ್ನು ಬಿಗಿಯಾಗಿ ಹಿಡಿಯುತ್ತದೆ, ಅವರ ಗಾಡಿಗಳಿಗೆ ಡಿಫರೆನ್ಷಿಯಲ್ ಲಾಕ್, ದೊಡ್ಡ ಟೈರ್, ತುಂಬ ತಗ್ಗಿದ ಗೇರು. ಅಲ್ಲಿ ಎಳೆತವೇ ಶಾಫ್ಟನ್ನು ಮುರಿಯುತ್ತದೆ, ದಪ್ಪ ಕ್ರಾಸ್ ಹಾಕುವುದು ನ್ಯಾಯ. 2007ರ ಮಾದರಿಯಿಂದ ಬಂದ ಅಮೆರಿಕದ ರ‍್ಯಾಂಗ್ಲರ್ ಜೆಕೆಯ ಮುಂದಿನ ಶಾಫ್ಟಿನಲ್ಲಿ ಕಾರ್ಖಾನೆಯೇ ರೆಪ್ಪಾ ಮಾದರಿಯ ಗೋಲಿ ಜಾಯಿಂಟ್ ಕೂಡಿಸಿತ್ತು. ಗಾಡಿ ಎತ್ತರಿಸಿದವರಿಗೆ ಅದರ ರಬ್ಬರ್ ಬೂಟ್ ಬೇಗ ಹರಿಯಿತು, ಅದನ್ನು ತೆಗೆದು 1310 ಅಥವಾ 1350ರ ಡಬಲ್ ಕಾರ್ಡನ್, ಅಂದರೆ ಎರಡು ಕ್ರಾಸಿನ ಡಬಲ್ ಜಾಯಿಂಟ್, ಹಾಕುವುದು ಅಲ್ಲಿ ರೂಢಿಯಾಯಿತು. ಆ ಸಲಹೆ ಅಲ್ಲಿಗೆ ಸರಿಯಾದದ್ದೇ. ಬೀದರಿನ ಹುಡುಗರು ಅದನ್ನು ಹಾಗೆಯೇ ಎತ್ತಿಕೊಂಡರೆ ಬೇರೆ ನೆಲದ ಔಷಧವನ್ನು ಈ ನೆಲದ ರೋಗಕ್ಕೆ ಕೊಟ್ಟಂತಾಗುತ್ತದೆ.

ಹಾಗಾದರೆ ಇಲ್ಲಿ ಕ್ರಾಸ್ ಮುರಿಯುವುದೇ ಇಲ್ಲವೇ? ಮುರಿಯುತ್ತದೆ, ಒಂದು ನಿರ್ದಿಷ್ಟ ಸಂದರ್ಭದಲ್ಲಿ. ಕೆಸರಿನಲ್ಲಿ ಸಿಕ್ಕ ಗಾಡಿಯನ್ನು ಹೊರತೆಗೆಯಲು ಚಾಲಕ ಆ್ಯಕ್ಸಿಲರೇಟರ್ ತುಳಿಯುತ್ತಾನೆ, ನಾಲ್ಕೂ ಚಕ್ರ ಭರ‍್ರನೆ ತಿರುಗುತ್ತವೆ, ಹಾಗೆ ತಿರುಗುತ್ತ ಗಾಡಿ ಸರಿದು ಹಳ್ಳದ ದಂಡೆಯ ಕರಿಕಲ್ಲಿಗೋ ಹೊಲದ ಬಾಯಿಗೆ ಸುರಿದ ಮುರುಮಿಗೋ ಟೈರ್ ತಾಗುತ್ತದೆ. ತಿರುಗುತ್ತಿದ್ದ ಎಂಜಿನ್, ಫ್ಲೈವೀಲ್, ಚಕ್ರ ಇವುಗಳಲ್ಲಿ ತುಂಬಿದ ಶಕ್ತಿಯೆಲ್ಲ ಕ್ಷಣದಲ್ಲಿ ಶಾಫ್ಟಿಗೆ ಬಂದು ಬಡಿಯುತ್ತದೆ. ಮೇಲೆ ಲೆಕ್ಕ ಹಾಕಿದ ನಿಧಾನದ ಎಳೆತಕ್ಕಿಂತ ಈ ಬಡಿತ ಎಷ್ಟೋ ಪಟ್ಟು ದೊಡ್ಡದು. ಜಾರುವ ಕಪ್ಪು ನೆಲ, ಹಿಡಿಯುವ ಕೆಂಪು ನೆಲ ಪಕ್ಕಪಕ್ಕದಲ್ಲಿರುವ ಈ ಸೀಮೆಯ ವಿಶೇಷ ಅಪಾಯ ಇದು. ಆ ಬಡಿತಕ್ಕೆ ಏನಾದರೂ ಒಂದು ಮುರಿಯಲೇಬೇಕಾದರೆ ಕ್ರಾಸ್ ಮುರಿಯಲಿ. ಅದು ಎಲ್ಲ ಊರಲ್ಲೂ ಸಿಗುತ್ತದೆ, ಸುತ್ತಿಗೆ, ವೈಸು, ಲಾಕ್ ತೆಗೆಯುವ ಇಕ್ಕಳ ಇದ್ದರೆ ಹೊಲದ ಬದುವಿನಲ್ಲೇ ಬದಲಿಸಬಹುದು. ಕ್ರಾಸನ್ನು ಮುರಿಯದಷ್ಟು ದಪ್ಪ ಮಾಡಿದರೆ ಬಡಿತ ಮುಂದಕ್ಕೆ ಸಾಗಿ ಪಿನಿಯನ್ನಿನ ಹಲ್ಲಿಗೋ ಟ್ರಾನ್ಸ್‌ಫರ್ ಕೇಸಿನ ಹೊರ ಶಾಫ್ಟಿಗೋ ಬೀಳುತ್ತದೆ. ಆ ಕೆಲಸಕ್ಕೆ ಹೌಸಿಂಗ್ ಇಳಿಸಬೇಕು, ಕ್ರೌನ್ ಪಿನಿಯನ್ ಜೋಡಿಯನ್ನೇ ತರಿಸಬೇಕು, ವಾರಗಟ್ಟಲೆ ಗಾಡಿ ನಿಲ್ಲಬೇಕು. ಎಂಜಿನ್ ಬದಲಿಸಿದ, ಲಾಕರ್ ಹಾಕಿದ, 33 ಇಂಚಿನ ಟೈರ್ ಕೂಡಿಸಿದ ಗಾಡಿ ಬಿಟ್ಟು ಉಳಿದವಕ್ಕೆ 1350 ಬೇಡ ಎನ್ನುವುದು ನನ್ನ ಖಚಿತ ನಿಲುವು.

ಡಬಲ್ ಕಾರ್ಡನ್ ಜಾಯಿಂಟ್ ಬೇರೆ ಪ್ರಶ್ನೆ ಎತ್ತುತ್ತದೆ. ಎರಡು ಕ್ರಾಸುಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ, ನಡುವೆ ಒಂದು ಕೇಂದ್ರದ ಗುಂಡು ಇಟ್ಟಿರುವುದರಿಂದ 20 ಡಿಗ್ರಿಯ ಬಾಗು 10, 10 ಎಂದು ಹಂಚಿಹೋಗಿ ಏರಿಳಿತ ಅಲ್ಲೇ ರದ್ದಾಗುತ್ತದೆ. ಇದನ್ನು ಟ್ರಾನ್ಸ್‌ಫರ್ ಕೇಸಿನ ಕಡೆ ಹಾಕುತ್ತಾರೆ. ಆಗ ಇನ್ನೊಂದು ತುದಿಯ ಒಂಟಿ ಕ್ರಾಸ್ ನೆಟ್ಟಗೆ ಇರಬೇಕು, ಅಂದರೆ ಪಿನಿಯನ್ ಮೂತಿ ಶಾಫ್ಟಿನ ಸಾಲಿಗೇ ನೋಡಬೇಕು. ಹಿಂದಿನ ಆ್ಯಕ್ಸಲ್‌ನಲ್ಲಿ ಹೌಸಿಂಗನ್ನು ಸ್ವಲ್ಪ ತಿರುಗಿಸಿ ಇದನ್ನು ಸಾಧಿಸಬಹುದು. ಮುಂದಿನ ಆ್ಯಕ್ಸಲ್‌ನಲ್ಲಿ ಪಿನಿಯನ್ ಮೂತಿ ಎತ್ತಿದರೆ ಸ್ಟಿಯರಿಂಗ್ ನಕಲ್ ಕೂಡ ಜತೆಗೇ ತಿರುಗಿ ಅದರ ಹಿಂದಕ್ಕಿರುವ ವಾಲು, ಅಂದರೆ ಕ್ಯಾಸ್ಟರ್, ಕಡಿಮೆಯಾಗುತ್ತದೆ. ಕ್ಯಾಸ್ಟರ್ ಕಳೆದುಕೊಂಡ ಜೀಪು ನೇರ ರಸ್ತೆಯಲ್ಲಿ ತಾನಾಗಿ ನೆಟ್ಟಗೆ ಹೋಗದು, ಸ್ಟಿಯರಿಂಗ್ ಬಿಟ್ಟರೆ ತನ್ನಷ್ಟಕ್ಕೆ ಹಿಂತಿರುಗದು. ಬಸ್ಸು, ಕಬ್ಬಿನ ಟ್ರ್ಯಾಕ್ಟರ್ ಎದುರಾಗುವ ಭಾಲ್ಕಿ ರಸ್ತೆಯಲ್ಲಿ ಅಂಥ ಗಾಡಿ ಪ್ರಾಣಕ್ಕೆ ಕುತ್ತು. ಮುಂದಿನ ಜಾಯಿಂಟಿನ ನಡುಕ ತೆಗೆಯಲು ಹೋಗಿ ಸ್ಟಿಯರಿಂಗ್ ಕೆಡಿಸಿಕೊಳ್ಳುವುದನ್ನು ಸುಧಾರಣೆ ಎನ್ನಲಾಗದು. ಇನ್ನೊಂದು ತೊಡಕು, ನಡುವಿನ ಆ ಗುಂಡಿಗೆ ಗ್ರೀಸ್ ಹೊಡೆಯುವ ಜಾಗ ಒಳಗೆ ಅಡಗಿರುತ್ತದೆ, ಸೂಜಿ ಮೂತಿಯ ಗ್ರೀಸ್ ಗನ್ ಬೇಕು. ಎರೆಮಣ್ಣು ತುಂಬಿದ ಜಾಯಿಂಟಿನಲ್ಲಿ ಆ ಜಾಗ ಕಣ್ಣಿಗೇ ಕಾಣುವುದಿಲ್ಲ, ಕಾಣದ್ದಕ್ಕೆ ಯಾರೂ ಗ್ರೀಸ್ ಹೊಡೆಯುವುದಿಲ್ಲ. ರಬ್ಬರ್ ಬೂಟಿನ ರೆಪ್ಪಾ ಜಾಯಿಂಟಿಗೆ ಗ್ರೀಸಿನ ಚಿಂತೆ ಇಲ್ಲ, ಆದರೆ ಮೇ ತಿಂಗಳ ಬಿಸಿಲಿಗೆ ಗಡುಸಾದ ಬೂಟು ಜಾಲಿ ಮುಳ್ಳಿಗೋ ಕಬ್ಬಿನ ಕೂಳೆಗೋ ಹರಿದರೆ ಒಂದೇ ಮಳೆಗಾಲ ಸಾಕು.

ಇದಕ್ಕೆ ಹೋಲಿಸಿ ನೋಡಬೇಕಾದದ್ದು ಇದೇ ಹೊಲಗಳಲ್ಲಿ ಓಡುವ ಫೋರ್‌ವೀಲ್ ಟ್ರ್ಯಾಕ್ಟರುಗಳನ್ನು. ಎಷ್ಟೋ ಮಾದರಿಗಳಲ್ಲಿ ಮುಂದಿನ ಡ್ರೈವ್ ಶಾಫ್ಟ್ ಟ್ರ್ಯಾಕ್ಟರಿನ ನಡುಹೊಟ್ಟೆಯಲ್ಲಿ ನೇರ ಮುಂದಕ್ಕೆ ಹೋಗುತ್ತದೆ, ಮುಂದಿನ ಆ್ಯಕ್ಸಲ್ ಆ ಶಾಫ್ಟಿನ ಸಾಲನ್ನೇ ಕೇಂದ್ರವಾಗಿಟ್ಟು ಎಡಬಲ ತೂಗುತ್ತದೆ. ಆದ್ದರಿಂದ ಅಲ್ಲಿ ಕ್ರಾಸಿನ ಅಗತ್ಯವೇ ಇಲ್ಲ, ಹಲ್ಲಿನ ಕಪ್ಲಿಂಗ್ ಸಾಕು. ಶಾಫ್ಟಿನ ಉದ್ದಕ್ಕೂ ಕೊಳವೆಯ ಮುಸುಕು ಇರುವುದರಿಂದ ಮಣ್ಣು ತಿರುಗುವ ಭಾಗವನ್ನು ಮುಟ್ಟುವುದಿಲ್ಲ. ಜೀಪಿನ ಆ್ಯಕ್ಸಲ್ ಮೇಲೆ ಕೆಳಗೆ ಕುಣಿಯುವುದರಿಂದ ಅಂಥ ಪೂರ್ತಿ ಮುಸುಕು ಹಾಕಲು ಬಾರದು. ಆದರೆ ಶಾಫ್ಟ್ ಉದ್ದವಾಗಿ ಗಿಡ್ಡವಾಗಿ ಆಡುವ ಸ್ಲಿಪ್ ಜಾಯಿಂಟಿನ ಹಲ್ಲುಗಳ ಮೇಲೆ ರಬ್ಬರ್ ಬೆಲ್ಲೋಸ್ ಹಾಕಬಹುದು, ಚಕ್ರ ಎರಚುವ ಮಣ್ಣು ಟ್ರಾನ್ಸ್‌ಫರ್ ಕೇಸಿನ ಕಡೆಯ ಜಾಯಿಂಟಿಗೆ ಬಡಿಯದಂತೆ ಚಾಸಿಗೆ ಒಂದು ತಗಡಿನ ತಡೆ ಕಟ್ಟಬಹುದು. ಎರೆನೆಲಕ್ಕೆ ಹೇಳಿ ಮಾಡಿಸಿದ ಸುಧಾರಣೆ ಎಂದರೆ ಇದು, ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಮಧ್ಯಾಹ್ನದ ಕೆಲಸ. ತಗಡನ್ನು ಶಾಫ್ಟಿಗೆ ತೀರ ಹತ್ತಿರ ತಂದರೆ ನಡುವೆ ಮಣ್ಣು ಕಚ್ಚಿಕೊಂಡು ಒಣಗಿ ಶಾಫ್ಟನ್ನೇ ಉಜ್ಜುತ್ತದೆ. ಮೂರು ನಾಲ್ಕು ಬೆರಳಷ್ಟು ಜಾಗ ಬಿಡಬೇಕು, ಕೆಳಗೆ ತೆರೆದಿರಬೇಕು.

ಜೋಡಣೆಯ ಕೈಕೆಲಸದಲ್ಲಿ ಆಗುವ ತಪ್ಪುಗಳೇ ಎಷ್ಟೋ ಹೊಸ ಕ್ರಾಸುಗಳನ್ನು ತಿನ್ನುತ್ತವೆ. ಪಿನಿಯನ್ ಯೋಕಿಗೆ ಕ್ರಾಸನ್ನು ಬಿಗಿಯುವ ಯು ಬೋಲ್ಟಿಗೆ 1310 ಅಳತೆಯಲ್ಲಿ 19ರಿಂದ 23 ನ್ಯೂಟನ್ ಮೀಟರ್ ಸಾಕು, 1350ಕ್ಕೆ 27ರಿಂದ 33. ಗಿಡ್ಡ ಪಾನಾ ಹಿಡಿದು ಮಣಿಕಟ್ಟಿನ ಬಲದಲ್ಲಿ ಬಿಗಿದರೆ ಬರುವಷ್ಟು ಅದು. ಪಾನಾಕ್ಕೆ ಪೈಪು ತೂರಿಸಿ ಎಳೆದರೆ ತೆಳು ಕಪ್ಪು ಮೊಟ್ಟೆಯಾಕಾರಕ್ಕೆ ಹಿಂಡಿ, ಸೂಜಿಗಳು ಎರಡು ಕಡೆ ಸಿಕ್ಕಿಕೊಳ್ಳುತ್ತವೆ. ಬಿಗಿದ ಮೇಲೆ ಜಾಯಿಂಟ್ ಎಲ್ಲ ದಿಕ್ಕಿಗೂ ಕೈಯಿಂದ ಸಲೀಸಾಗಿ ಆಡಬೇಕು, ಒಂದು ಕಡೆ ಗಡುಸಾದರೆ ಬಿಚ್ಚಿ ನೋಡಬೇಕು, ಕಪ್ಪಿನ ತಳದಲ್ಲಿ ಒಂದು ಸೂಜಿ ಅಡ್ಡ ಬಿದ್ದಿರುತ್ತದೆ. ಸ್ಲಿಪ್ ಜಾಯಿಂಟನ್ನು ಬಿಚ್ಚುವ ಮುನ್ನ ಎರಡೂ ಭಾಗಕ್ಕೆ ಪಂಚಿನಿಂದ ಗುರುತು ಹಾಕಬೇಕು. ಹಲ್ಲು ತಪ್ಪಿಸಿ ಕೂಡಿಸಿದರೆ ಎರಡು ಯೋಕುಗಳ ಸಮತಲ ತಪ್ಪಿ, ರದ್ದಾಗಬೇಕಿದ್ದ ಏರಿಳಿತ ಉಳಿಯುತ್ತದೆ. ಕಾಲು ಸುತ್ತು ತಪ್ಪಿದರಂತೂ ಎರಡೂ ಕೂಡಿ ಇಮ್ಮಡಿಯಾಗುತ್ತವೆ. ಎತ್ತರಿಸಿದ ಗಾಡಿಯಲ್ಲಿ ಇನ್ನೊಂದು ಪರೀಕ್ಷೆ. ಚಾಸಿಗೆ ಜಾಕ್ ಕೊಟ್ಟು ಮುಂದಿನ ಆ್ಯಕ್ಸಲ್ ಪೂರ್ತಿ ಜೋತುಬಿದ್ದಾಗ ಒಳಗೆ ಉಳಿದ ಹಲ್ಲಿನ ಉದ್ದ ಕನಿಷ್ಠ ಹಲ್ಲಿನ ಶಾಫ್ಟಿನ ವ್ಯಾಸದಷ್ಟಾದರೂ ಇರಬೇಕು. ಕಡಿಮೆಯಿದ್ದರೆ ಲೇಥಿನಲ್ಲಿ ಕೊಳವೆ ಉದ್ದ ಮಾಡಿಸಿ, ಬ್ಯಾಲೆನ್ಸ್ ಮಾಡಿಸಿಯೇ ಹಾಕಬೇಕು.

ಯೋಕ್ ಬದಲಿಸಲು, ಅಥವಾ ಯೋಕ್ ತೆಗೆದು ಫ್ಲ್ಯಾಂಜ್ ಹಾಕಲು, ಪಿನಿಯನ್ನಿನ ನಟ್ ಬಿಚ್ಚಲೇಬೇಕು. ಇಲ್ಲಿ ಆತುರ ಸಲ್ಲದು. ಹಳೆಯ ಜೀಪುಗಳ ಸ್ಪೈಸರ್ ಮಾದರಿಯ ಆ್ಯಕ್ಸಲ್‌ಗಳಲ್ಲಿ ಪಿನಿಯನ್ ಬೇರಿಂಗಿನ ಬಿಗಿತವನ್ನು ಶಿಮ್ ಇಟ್ಟು ಹೊಂದಿಸಿರುತ್ತಾರೆ, ನಟ್ ಬಿಚ್ಚಿ ಮರಳಿ ಸರಿಯಾಗಿ ಬಿಗಿದರೆ ಬಿಗಿತ ಇದ್ದಂತೆಯೇ ಬರುತ್ತದೆ. ಹೊಸ ಗಾಡಿಗಳ ಅನೇಕ ಆ್ಯಕ್ಸಲ್‌ಗಳಲ್ಲಿ ಶಿಮ್ಮಿನ ಬದಲು ಹಿಂಡಿಕೊಳ್ಳುವ ತೆಳು ಸ್ಲೀವ್ ಇರುತ್ತದೆ. ಅದನ್ನು ಹಿಂದಿಗಿಂತ ಒಂದಿಷ್ಟು ಹೆಚ್ಚು ಬಿಗಿದರೂ ಸ್ಲೀವ್ ಮತ್ತಷ್ಟು ಕುಗ್ಗಿ ಬೇರಿಂಗ್ ಬಿಸಿಯಾಗಿ ಸುಡುತ್ತದೆ, ಸಡಿಲ ಬಿಟ್ಟರೆ ಪಿನಿಯನ್ ಆಡಿ ಹಲ್ಲು ತಿನ್ನುತ್ತದೆ. ಬಿಚ್ಚುವ ಮುಂಚೆ ಪಿನಿಯನ್ ತಿರುಗಲು ಎಷ್ಟು ಬಲ ಬೇಕೆಂದು ತಕ್ಕಡಿ ಕೊಕ್ಕೆ ಹಾಕಿ ಅಳೆದಿಟ್ಟು, ಕೂಡಿಸಿದ ಮೇಲೆ ಅಷ್ಟೇ ಬರುವಂತೆ ನೋಡಬೇಕು. ಸರಿಯಾದ ದಾರಿ ಹೊಸ ಸ್ಲೀವ್, ಹೊಸ ನಟ್, ಹೊಸ ಆಯಿಲ್ ಸೀಲ್ ಹಾಕುವುದು. ದೊಡ್ಡ ಯೋಕ್ ಹಾಕುವ ಉತ್ಸಾಹದಲ್ಲಿ ಈ ಒಂದು ನಟ್ ಕೆಡಿಸಿ, ಇದ್ದ ಒಳ್ಳೆಯ ಡಿಫರೆನ್ಷಿಯಲ್ ಕಳೆದುಕೊಳ್ಳುವ ಅಪಾಯ ದೊಡ್ಡದು. ಹಾಗಾಗಿ ಅನುಭವವಿಲ್ಲದ ಕಡೆ ಯೋಕ್ ಮುಟ್ಟದೆ, ಅದೇ ಅಳತೆಯ ಒಳ್ಳೆಯ ಕ್ರಾಸ್ ಹಾಕಿ ಬಿಡುವುದೇ ಮೇಲು.

ಕಾನೂನಿನ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಲು ಮಾಲೀಕನಿಗೆ ಅವಕಾಶವಿಲ್ಲ. ಸವೆದ ಕ್ರಾಸ್, ಯೋಕ್, ಹಬ್ಬಿನ ಭಾಗ ಬದಲಿಸುವುದು ದುರಸ್ತಿ. ಎಂಜಿನ್ ಬದಲಿಸುವುದು, ಚಾಸಿ ಕತ್ತರಿಸುವುದು ಹಾಗಲ್ಲ. ಗಾಡಿ ಎತ್ತರಿಸುವವರು ಮೊದಲು ಬೀದರಿನ ಕೆಎ 38 ಅಥವಾ ಭಾಲ್ಕಿಯ ಕೆಎ 39 ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಅಪಘಾತವಾದ ಮೇಲೆ ವಿಮೆಯವರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.

ಹಣ ಹೋಗಬೇಕಾದ ಅನುಕ್ರಮ ನನ್ನ ಲೆಕ್ಕದಲ್ಲಿ ಹೀಗೆ ನಿಲ್ಲುತ್ತದೆ. ಎಲ್ಲಕ್ಕಿಂತ ಮೊದಲು ಗ್ರೀಸ್ ಹೊಡೆಯಲು ಬರುವ ನಿಪ್ಪಲ್ ಇರುವ ಕ್ರಾಸ್, ನೀರಿಗೆ ತೊಳೆದುಹೋಗದ ಲಿಥಿಯಂ ಗ್ರೀಸ್. ಗಾಡಿ ಹಳ್ಳದ ನೀರಿಗಿಳಿದ ದಿನವೇ ಗ್ರೀಸ್ ಹೊಡೆಯಬೇಕು, ನಾಲ್ಕೂ ಕಪ್ಪಿನ ಅಂಚಿನಿಂದ ಹೊಸ ಗ್ರೀಸ್ ಹಣಕುವ ತನಕ ಹೊಡೆಯಬೇಕು. ಮೂರೇ ಕಡೆ ಬಂದರೆ ನಾಲ್ಕನೆಯ ಕಾಲು ಒಣಗಿದೆ ಎಂದರ್ಥ, ಯು ಬೋಲ್ಟ್ ತುಸು ಸಡಿಲಿಸಿ ಮತ್ತೆ ಹೊಡೆದರೆ ಬಹಳ ಸಲ ದಾರಿ ತೆರೆಯುತ್ತದೆ. ಎರಡನೆಯದು ಹಬ್ ಲಾಕ್, ಹಾಕಿದ ಮೇಲೆ ತಿಂಗಳಿಗೊಮ್ಮೆಯಾದರೂ ಸಡಿಲ ಮಣ್ಣಿನ ದಾರಿಯಲ್ಲಿ ಫೋರ್‌ವೀಲ್ ಕೂಡಿಸಿ ಒಂದಷ್ಟು ದೂರ ಓಡಿಸುವುದು. ಡಾಂಬರಿನ ಮೇಲೆ ಕೂಡಿಸಿದರೆ ಹಿಂದೆ ಮುಂದಿನ ಚಕ್ರಗಳ ವೇಗ ಹೊಂದದೆ ಅದೇ ಶಾಫ್ಟ್ ತಿರುಚಿಕೊಂಡು ಬಿಗಿಯುತ್ತದೆ. ಮೂರನೆಯದು ಬೆಲ್ಲೋಸ್ ಮತ್ತು ತಗಡಿನ ತಡೆ. ಗಾಡಿ ಎತ್ತರಿಸಿದ್ದು, ಕೋನ ಅಳೆದು ಕೋಷ್ಟಕದ ಮಿತಿ ದಾಟಿದೆಯೆಂದು ಗೊತ್ತಾಗಿದ್ದು, ಹಬ್ ಲಾಕ್ ಇದ್ದೂ ಮಣ್ಣಿನ ದಾರಿಯಲ್ಲಿ ವೇಗವಾಗಿ ಫೋರ್‌ವೀಲ್ ಓಡಿಸಲೇಬೇಕಾದ ಕಾರಣವಿದ್ದರೆ ಮಾತ್ರ ನಾಲ್ಕನೆಯದಾಗಿ ಡಬಲ್ ಕಾರ್ಡನ್, ಅದೂ ಕ್ಯಾಸ್ಟರ್ ಉಳಿಯುವಂತೆ ನಕಲ್ ಹೊಂದಿಸಿಕೊಡುವ ಕುಶಲಿ ಸಿಕ್ಕರೆ. ಯಾವುದನ್ನೇ ಹಾಕಿಸಲಿ, ಮೊದಲ 100 ಕಿ.ಮೀ. ಓಡಿದ ಮೇಲೆ ಗಾಡಿಯ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್ ಮಾಡಿ, ಕೆಳಗೆ ಮಲಗಿ ಶಾಫ್ಟನ್ನು ಎರಡೂ ಕೈಯಿಂದ ತಿರುಚಿ ನೋಡಬೇಕು. ಕ್ರಾಸಿನಲ್ಲಿ ಕೂದಲೆಳೆಯಷ್ಟೂ ಆಟ ಇರಕೂಡದು, ಯು ಬೋಲ್ಟಿನ ನಟ್ಟುಗಳನ್ನು ಟಾರ್ಕ್ ಪಾನಾದಿಂದ ಇನ್ನೊಮ್ಮೆ ಅದೇ ಅಳತೆಗೆ ನೋಡಬೇಕು.